ನಕ್ಷೆಯವರ ಏಳನೇ ದ್ವೀಪ

ನಕ್ಷೆ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಕೂತು ಬೆಟ್ಟ, ಹೊಳೆ, ದ್ವೀಪಗಳನ್ನೆಲ್ಲ ಗೆರೆಯಲ್ಲಿ ಎಳೆದ ಮನುಷ್ಯ ಅವುಗಳಲ್ಲಿ ಒಂದನ್ನಾದರೂ ಕಣ್ಣಾರೆ ಕಂಡಿರುತ್ತಾನೆ ಎಂದು ನೀವು ಅಂದುಕೊಂಡರೆ ಅದು ನಿಮ್ಮ ತಪ್ಪಲ್ಲ. ಇಡೀ ಬೀದಿ ಹಾಗೆಯೇ ಅಂದುಕೊಂಡಿತ್ತು. ಬೀದಿಯವರ ಬಾಯಲ್ಲಿ ಅವರು ನಕ್ಷೆಯವರು. ಯಾರೇ ಪ್ರವಾಸ ಹೊರಡಲಿ, ಹಿಂದಿನ ದಿನ ಇವರ ಮನೆ ಮೆಟ್ಟಿಲ ಮೇಲೆ ಕೂತು ಸಲಹೆ ಕೇಳಬೇಕು. ಇವರು ಅರ್ಧ ಕಣ್ಣು ಮುಚ್ಚಿ, "ಆ ಘಾಟಿಯ ಹನ್ನೊಂದನೇ ತಿರುವಲ್ಲಿ ಎಡಕ್ಕೆ ನೋಡಿ. ಇನ್ನೇನೂ ಹೇಳಲ್ಲ ನಾನು" ಎನ್ನುತ್ತಿದ್ದರು. ನಿಜಕ್ಕೂ ಇನ್ನೇನೂ ಹೇಳುತ್ತಿರಲಿಲ್ಲ, ಏಕೆಂದರೆ ಇನ್ನೇನೂ ಗೊತ್ತಿರಲಿಲ್ಲ. ಬಸ್ ನಿಲ್ದಾಣ ದಾಟಿ ಅವರು ಹೋದದ್ದು ಜನ್ಮದಲ್ಲಿ ಎರಡೇ ಸಲ, ತಮ್ಮ ಮದುವೆಗೊಮ್ಮೆ, ಮಗಳ ಮದುವೆಗೊಮ್ಮೆ. ಎರಡು ಸಲವೂ ದಾರಿಯುದ್ದಕ್ಕೂ ನಿದ್ದೆ ಮಾಡಿದ್ದರು.

ಅಂಥವರು ಚಳಿಗಾಲದ ಒಂದು ಗುರುವಾರ ಸಂಜೆ ಕಚೇರಿಯಿಂದ ಬಂದು, ಬೂಟು ಕೂಡ ಬಿಚ್ಚದೆ, "ಭಾನುವಾರ 'ಒಂದು ಬೆಟ್ಟ ಏಳು ದ್ವೀಪ' ಪ್ರವಾಸಕ್ಕೆ ಹೋಗ್ತಿದೀವಿ" ಎಂದರು. ಹೆಂಡತಿ ಮೊದಲು ಅವರ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ. ಮತ್ತೇನಾಯ್ತು ನಿಮಗೆ?"

"ಏನಾಗ್ಬೇಕು? ನಿನಗೆ ಸ್ವಲ್ಪ ಗಾಳಿ ಬದಲಾಗ್ಲಿ ಅಂತ."

"ಇಪ್ಪತ್ತಾರು ವರ್ಷದಿಂದ ಒಂದೇ ಗಾಳೀಲಿ ಇದೀನಲ್ಲ, ಆಗ ನೆನಪಾಗ್ಲಿಲ್ವಾ?" ಎಂದಳು. ಆದರೆ ಹಾಗನ್ನುತ್ತಲೇ ಮಂಚದ ಕೆಳಗಿನ ಚೀಲ ಎಳೆದು ಧೂಳು ಕೊಡವತೊಡಗಿದಳು, ಗಂಡನ ಮನಸ್ಸು ತಿರುಗುವುದರೊಳಗೆ ಚೀಲ ತುಂಬಿಬಿಡಬೇಕೆಂದು ಅವಳ ಲೆಕ್ಕಾಚಾರ.

ಇನ್ನು ಸತ್ಯ ಹೇಳಬೇಕು. ಇದು ಗಾಳಿಯ ವಿಷಯವಲ್ಲ, ಮಸಿಯ ವಿಷಯ.

ಇಪ್ಪತ್ತನಾಲ್ಕು ವರ್ಷದ ಹಿಂದೆ, ಇಂಥದೇ ಚಳಿಯ ಬೆಳಿಗ್ಗೆ, ನಕ್ಷೆಯವರು ನಲವತ್ತೊಂದನೇ ಹಾಳೆಗೆ ಮಸಿ ಹಾಕುತ್ತಿದ್ದರು. ಬೆಟ್ಟದ ತಪ್ಪಲಿನ ದೊಡ್ಡ ಕೊಲ್ಲಿ, ಅದರಲ್ಲಿ ಆರು ದ್ವೀಪ. ನಾಲ್ಕು ತಿಂಗಳ ಕೆಲಸ ಮುಗಿಯುವುದಕ್ಕೆ ಬಂದಿತ್ತು. ಆಗ ಕಚೇರಿಯ ಜವಾನ ಬಾಗಿಲು ತಳ್ಳಿಕೊಂಡು ಬಂದು, "ಸಾರ್, ಆಸ್ಪತ್ರೆಯಿಂದ ಫೋನು! ಹೆಣ್ಣು ಮಗು!" ಎಂದು ಕೂಗಿದ. ಲೇಖನಿಯ ತುದಿಯಿಂದ ದಪ್ಪನೆಯ ಹನಿಯೊಂದು ಜಾರಿ ಖಾಲಿ ಸಮುದ್ರದ ನಡುವೆ ಬಿತ್ತು.

ಆ ಕಚೇರಿಯಲ್ಲಿ ಹಾಳೆ ಕೆಡಿಸಿದವರ ಹೆಸರನ್ನು ಕೆಂಪು ಪುಸ್ತಕದಲ್ಲಿ ಬರೆಯುತ್ತಿದ್ದರು. ನಕ್ಷೆಯವರ ಹೆಸರು ಅಲ್ಲಿ ಇರಲಿಲ್ಲ. ಅವರು ಹನಿಯನ್ನು ನೋಡಿದರು, ಹನಿ ಅವರನ್ನು ನೋಡಿತು. ಅರ್ಧ ಗಂಟೆಯ ನಂತರ ಹನಿಗೆ ದಡ ಬಂದಿತ್ತು, ಎರಡು ಪುಟ್ಟ ಕೊಲ್ಲಿ ಬಂದಿತ್ತು, ಎತ್ತರ ತೋರಿಸುವ ಮೂರು ಗೆರೆಗಳಿರುವ ಗುಡ್ಡವೂ ಎದ್ದಿತ್ತು. ಗುಡ್ಡವಿರುವ ದ್ವೀಪಕ್ಕೆ ಹೆಸರು ಇರಲೇಬೇಕೆಂಬುದು ಕಚೇರಿಯ ನಿಯಮ. ಆ ಹೊತ್ತಿಗೆ ಅವರ ತಲೆಯಲ್ಲಿದ್ದದ್ದು ಒಂದೇ ಹೆಸರು. ದುಂಡಗಿನ ಅಕ್ಷರದಲ್ಲಿ 'ಪುಟ್ಟಿದ್ವೀಪ' ಎಂದು ಬರೆದು, ಮಸಿ ಒಣಗುವ ಮೊದಲೇ ಮಗುವನ್ನು ನೋಡಲು ಓಡಿದರು.

ಹಾಳೆ ಪರೀಕ್ಷಿಸುವ ಅಧಿಕಾರಿಗೆ ಒಂದು ಪದ್ಧತಿ ಇತ್ತು. ಬೇರೆಯವರ ಕೆಲಸವನ್ನು ಭೂತಗನ್ನಡಿ ಇಟ್ಟು ನೋಡುತ್ತಿದ್ದರು, ನಕ್ಷೆಯವರದನ್ನು ದೂರ ಹಿಡಿದು "ಆಹಾ" ಎಂದು ಸಹಿ ಮಾಡುತ್ತಿದ್ದರು. ಆಹಾ ಎಂದರು, ಸಹಿ ಮಾಡಿದರು. ಹಾಳೆ ಅಚ್ಚಾಯಿತು. ಅದನ್ನು ನೋಡಿ ಶಾಲೆಯ ಪುಸ್ತಕದಲ್ಲಿ ಏಳು ದ್ವೀಪ ಬಂತು. ಪುಸ್ತಕ ನೋಡಿ ಪ್ರವಾಸದ ಕಂಪನಿ ಬಂತು.

ಈಗ ಕಚೇರಿಗೆ ಹೊಸ ದೊಡ್ಡ ಸಾಹೇಬರು ಬಂದಿದ್ದರು. ವಿಮಾನದಿಂದ ತೆಗೆದ ಚಿತ್ರಗಳನ್ನು ತರಿಸಿ, ದೀಪದ ಮೇಜಿನ ಮೇಲೆ ಹಳೆಯ ಹಾಳೆಗಳ ಕೆಳಗಿಟ್ಟು, ಒಂದೊಂದೇ ತಾಳೆ ನೋಡುತ್ತಿದ್ದರು. ನಲವತ್ತೊಂದರ ಸರದಿ ಸೋಮವಾರ. ಸಾಲದ್ದಕ್ಕೆ, ಮೂರು ತಿಂಗಳಲ್ಲಿ ನಿವೃತ್ತರಾಗುವ ನಕ್ಷೆಯವರಿಗೆ 'ಒಂದೂ ತಪ್ಪಿಲ್ಲದ ಕೈ' ಎಂದು ಬರೆಸಿದ ಫಲಕ ಕೊಡಲು ಸಾಹೇಬರು ಆಗಲೇ ಅಕ್ಷರ ಕೆತ್ತಿಸಲು ಕಳಿಸಿದ್ದರು. ಸೋಮವಾರ ಆ ಫಲಕ ಏನಾಗುತ್ತದೋ, ಕೆಂಪು ಪುಸ್ತಕದಲ್ಲಿ ಏನು ಬರೆಯುತ್ತಾರೋ ಎಂದು ನಕ್ಷೆಯವರು ಹೆದರಿದ್ದರು. ಅದರ ಜೊತೆಗೇ ಒಂದು ಹುಚ್ಚು ಕುತೂಹಲವೂ ಕೊರೆಯುತ್ತಿತ್ತು. ಅಷ್ಟು ದೊಡ್ಡ ಕೊಲ್ಲಿಯಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಒಂದು ಬಂಡೆಯಾದರೂ ಇರಬಾರದೇಕೆ?

ಭಾನುವಾರ ಬೆಳಿಗ್ಗೆ ಬಸ್ಸಿನ ಬಳಿ ಹೆಂಡತಿಯ ತಮ್ಮ ಮೊದಲೇ ಬಂದು ನಿಂತಿದ್ದ. ಕರೆದವರಾರೂ ಇಲ್ಲ. ಧ್ವನಿವರ್ಧಕ ಬಾಡಿಗೆಗೆ ಕೊಡುವ ಅಂಗಡಿಯವನಾದ್ದರಿಂದ ಅವನ ಮಾತು ಯಾವತ್ತೂ ಮೈದಾನದ ಕೊನೆಯ ಸಾಲಿಗೆ ಕೇಳುವಂತೆ ಇರುತ್ತಿತ್ತು. ಕೊರಳಲ್ಲಿ ದುರ್ಬೀನು ತೂಗುತ್ತಿತ್ತು. "ಭಾವ ಬಂದ್ರು, ದಾರಿ ಬಿಡಿ! ಈ ನಕ್ಷೆಗಳನ್ನೆಲ್ಲ ಬರ್ದೋರು ಇವ್ರೇ! ಇವ್ರಿಗೆ ಗೈಡ್ ಯಾಕೆ ಬೇಕು?" ಎಂದು ಕೂಗಿದ. ಬಸ್ಸಿನೊಳಗಿದ್ದ ಮೂವತ್ತೆಂಟು ಜನ ಕಿಟಕಿಯಿಂದ ಇಣುಕಿದರು.

ಅವರಲ್ಲಿ ಬೀದಿಯ ಕೊನೆಯ ಮನೆಯ ನಿವೃತ್ತ ಭೂಗೋಳದ ಮೇಷ್ಟ್ರೂ ಇದ್ದರು. "ಏಳೂ ದ್ವೀಪಕ್ಕೆ ನಾನು ಹೋಗಿದೀನಿ. ಆದ್ರೂ ಇನ್ನೊಂದ್ಸಲ ನೋಡೋಣ ಅಂತ" ಎಂದರು. ನಕ್ಷೆಯವರು ಗಕ್ಕನೆ ನಿಂತರು.

"ಏಳಕ್ಕೂ?"

"ಏಳನೇದ್ರಲ್ಲಿ ಸ್ನಾನವೇ ಮಾಡಿದೀನಿ. ನೀರು ಸ್ವಲ್ಪ ಚಪ್ಪೆ."

ನಕ್ಷೆಯವರ ಎದೆ ಹಾರಿತು. ಹಾಗಾದರೆ ಅಲ್ಲಿ ಏನೋ ಇದೆ! ಆ ಸಂತೋಷದಲ್ಲಿ ಮೇಷ್ಟ್ರಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು.

ಗೈಡ್ ಎಂಬುವನು ಕಿವಿಗೆ ಮಫ್ಲರ್ ಸುತ್ತಿ ಬಾಯಲ್ಲಿ ಸೀಟಿ ಕಚ್ಚಿಕೊಂಡ ಸಣಕಲ ಮನುಷ್ಯ. ಎಡಕ್ಕೆ ನೋಡಿ ಎನ್ನಲು ಒಂದು ಸೀಟಿ, ಬಲಕ್ಕೆ ಎರಡು. ಜನ ಬೆಟ್ಟ ಹತ್ತುವಷ್ಟರಲ್ಲಿ ಮಾತು ಕೇಳುವುದನ್ನು ಬಿಟ್ಟು ಸೀಟಿಗೆ ಕತ್ತು ತಿರುಗಿಸುವುದನ್ನು ಕಲಿತಿದ್ದರು. ಹನ್ನೊಂದನೇ ತಿರುವು ಬಂದಾಗ ಭಾವಮೈದುನ, "ಭಾವ, ಇದೇ ಅಲ್ವಾ? ಎಡಕ್ಕೆ ನೋಡಿ ಎಲ್ರೂ!" ಎಂದು ಗರ್ಜಿಸಿದ. ಎಲ್ಲರೂ ಎಡಕ್ಕೆ ನೋಡಿದರು. ಅಲ್ಲಿ ಒಂದು ಗೋಡೆ, ಗೋಡೆಯ ಮೇಲೆ ಹಲ್ಲುಪುಡಿಯ ಜಾಹೀರಾತು.

"ಭಾರಿ ಹಳೇ ಗೋಡೆ" ಎಂದರು ನಕ್ಷೆಯವರು ಗಂಭೀರವಾಗಿ. ಇಬ್ಬರು ಅದರ ಫೋಟೋ ತೆಗೆದುಕೊಂಡರು.

ಆದರೆ ಬೆಟ್ಟದ ತುದಿಯಲ್ಲಿ ಇಳಿದಾಗ ಅವರಿಗೆ ಗಾಂಭೀರ್ಯ ಉಳಿಯಲಿಲ್ಲ. ಕಾಲ ಕೆಳಗೆ ಇಬ್ಬನಿಯಲ್ಲಿ ನೆಂದ ಹುಲ್ಲು, ಎದುರಿಗೆ ಒಂದರ ಹಿಂದೊಂದು ನೀಲಿ ಬೆಟ್ಟ. ತಾನು ಮುನ್ನೂರು ಸಲ ಎಳೆದ ಬೆಟ್ಟಗಳು! ಅವುಗಳ ಮೇಲೆ ಗೆರೆಗಳೇ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿದ್ದರೂ ನಕ್ಷೆಯವರಿಗೆ ಯಾಕೋ ಮೋಸ ಹೋದಂತೆ ಆಯಿತು, ಹಾಗೆಯೇ ತಡೆಯಲಾಗದ ಖುಷಿಯೂ ಆಯಿತು. ಒಂಬೈನೂರು ಮೀಟರಿನ ಎತ್ತರದ ಗೆರೆ ಎಲ್ಲಿ ಹಾದುಹೋಗಬೇಕೆಂದು ಹುಡುಕಿ, ಒಂದು ಕಲ್ಲಿನ ಪಕ್ಕದಲ್ಲಿ ಕಾಲು ಜೋಡಿಸಿ ನಿಂತು, "ಬಾ ಇಲ್ಲಿ, ಇದರ ಮೇಲೆ ನಿಂತ್ಕೋ" ಎಂದು ಹೆಂಡತಿಯನ್ನು ಕರೆದರು.

"ಯಾವುದರ ಮೇಲೆ?"

"ಗೆರೆಯ ಮೇಲೆ."

ಅವಳು ನೆಲ ನೋಡಿದಳು, ಗಂಡನನ್ನು ನೋಡಿದಳು, ಬಂದು ನಿಂತಳು. ಸೀಟಿ ಊದುವ ತನಕ ಇಬ್ಬರೂ ಅಲ್ಲೇ ನಿಂತಿದ್ದರು.

ಕೆಳಗಿಳಿದು ದೋಣಿ ಹತ್ತಿದ ಮೇಲೆ ಎಲ್ಲ ಬೇಗ ಬೇಗ ನಡೆಯಿತು. ಹಕ್ಕಿಗಳ ದ್ವೀಪ, ಒಂದು ಸೀಟಿ. ದೀಪಸ್ತಂಭದ ದ್ವೀಪ, ಎರಡು ಸೀಟಿ. ಆಡುಗಳ ದ್ವೀಪದಲ್ಲಿ ಆಡುಗಳೇ ಜನರನ್ನು ನೋಡಲು ದಡಕ್ಕೆ ಬಂದವು. ಹಾಗೆ ಆರು ಮುಗಿದ ಮೇಲೆ ದೋಣಿ ಬಿಳಿ ಗೋಡೆಯಂಥ ಮಂಜಿನ ಎದುರು ಬಂದು ನಿಂತಿತು. ಗೈಡ್ ಸೀಟಿಯನ್ನು ಬಾಯಿಂದ ತೆಗೆದು, ದನಿ ತಗ್ಗಿಸಿದ.

"ಈ ಮಂಜಿನ ಹಿಂದೆ, ಕೂಗಿದ್ರೆ ಕೇಳೋಷ್ಟು ದೂರದಲ್ಲಿ, ಪುಟ್ಟಿದ್ವೀಪ. ನಾಚಿಕೆ ಸ್ವಭಾವದ ದ್ವೀಪ. ಯಾರಿಗೂ ಪೂರ್ತಿ ಮುಖ ತೋರ್ಸಲ್ಲ. ಪುಣ್ಯವಂತರಿಗೆ ಮಾತ್ರ ಸ್ವಲ್ಪ ಕಾಣುತ್ತೆ."

ತಾವು ಪುಣ್ಯವಂತರಲ್ಲ ಎಂದು ಒಪ್ಪಿಕೊಳ್ಳುವ ಜನ ಎಲ್ಲಿದ್ದಾರೆ? ಭಾವಮೈದುನನಿಗೆ ದುರ್ಬೀನಿನಲ್ಲಿ ಒಂದು ಮರ ಕಂಡಿತು. ಅವನ ಪಕ್ಕದವರಿಗೆ ಬರಿಗಣ್ಣಿನಲ್ಲೇ ಎರಡು ಮರ ಕಂಡವು. ಮುಂದಿನ ಸಾಲಿನ ಹೆಂಗಸಿಗೆ ಮರದ ಕೆಳಗೆ ಗುಡಿಸಲು ಕಂಡಿತು. ಅವಳ ಅತ್ತೆ ಸೊಸೆಗಿಂತ ಹಿಂದೆ ಬೀಳುವವಳಲ್ಲ, ಗುಡಿಸಲಿನ ಮುಂದೆ ಬಟ್ಟೆ ಒಣಹಾಕಿದ್ದನ್ನೂ ನೋಡಿದಳು. ಮೇಷ್ಟ್ರು, "ಅಗೋ ಅಲ್ಲೇ ನಾನು ಸ್ನಾನ ಮಾಡಿದ್ದು" ಎಂದು ಕೈ ಚಾಚಿದರು.

"ಹತ್ತಿರ ಹೋಗೋಣ" ಎಂದರು ನಕ್ಷೆಯವರು ಎದ್ದು ನಿಂತು.

"ಆಗಲ್ಲ ಸಾರ್. ಸುತ್ತ ಬಂಡೆಗಳಿವೆ" ಎಂದ ಗೈಡ್.

"ಬಂಡೆ ಇಲ್ಲ. ನಾನು ಹಾಕಿಲ್ಲ."

"ಏನಂದ್ರಿ?"

"ನಕ್ಷೇಲಿ ಬಂಡೆ ಇಲ್ಲ ಅಂದೆ. ಹೋಗ್ಲಿ, ಬೇಸಿಗೇಲಿ ಬಂದ್ರೆ ಚೆನ್ನಾಗಿ ಕಾಣುತ್ತಾ?"

"ಬೇಸಿಗೇಲಿ ಪ್ರವಾಸ ಇಲ್ಲ ಸಾರ್. ಚಳಿಗಾಲ ಮಾತ್ರ."

"ಯಾಕೆ?"

ಗೈಡ್ ತಡವರಿಸಿದ. ಹಿಂದೆ ಚುಕ್ಕಾಣಿ ಹಿಡಿದಿದ್ದ ಮುದುಕ, ಇಷ್ಟು ಹೊತ್ತೂ ಮಾತಾಡದವನು, ಆಕಳಿಸುತ್ತ ಹೇಳಿದ, "ಬೇಸಿಗೇಲಿ ಮಂಜು ಇರಲ್ವಲ್ಲ."

ಗೈಡ್ ಅವನನ್ನು ತಿನ್ನುವಂತೆ ನೋಡಿದ. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು. ಹನ್ನೆರಡು ಚಳಿಗಾಲಗಳಲ್ಲಿ ಗೈಡಿಗೆ ಒಮ್ಮೆಯೂ ಕೈ ಕೊಡದಿದ್ದ ಮಂಜು ಒಂದು ಬದಿಯಿಂದ ಹರಿಯಿತು, ಇನ್ನೊಂದು ಬದಿಯಿಂದ ಮೇಲೆದ್ದಿತು, ನೋಡನೋಡುತ್ತಿದ್ದಂತೆ ಪೂರ್ತಿ ಕರಗಿತು.

ಮರವಿಲ್ಲ, ಗುಡಿಸಲಿಲ್ಲ, ಒಣಹಾಕಿದ ಬಟ್ಟೆಯಿಲ್ಲ. ಚಪ್ಪಟೆ ನೀರು. ನಕ್ಷೆಯವರ ಕಣ್ಣಳತೆಯಲ್ಲಿ ಸರಿಯಾಗಿ ಹನಿ ಬಿದ್ದ ಜಾಗದಲ್ಲಿ ಒಂದು ಬಿಳಿ ಹಕ್ಕಿ ತೇಲುತ್ತ ಕೂತಿತ್ತು. ಇಷ್ಟೊಂದು ಜನ ಯಾಕೆ ತನ್ನನ್ನೇ ನೋಡುತ್ತಿದ್ದಾರೆಂದು ಅದಕ್ಕೂ ಮುಜುಗರವಾದಂತಿತ್ತು.

ಸ್ವಲ್ಪ ಹೊತ್ತು ಯಾರೂ ಉಸಿರೆತ್ತಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಎತ್ತಿದರು.

"ಏಳು ಅಂತ ಹೇಳಿ ಆರು ತೋರಿಸ್ತೀಯಾ?"

"ಎಲ್ಲಯ್ಯ ನನ್ನ ಗುಡಿಸಲು?"

ಗೈಡ್ ಜೇಬಿನಿಂದ ಮಡಿಸಿದ ನಕ್ಷೆ ತೆಗೆದು ಗುರಾಣಿಯಂತೆ ಮುಖದ ಮುಂದೆ ಹಿಡಿದ. "ನನ್ನನ್ಯಾಕೆ ಬೈತೀರಿ? ಸರ್ಕಾರಿ ನಕ್ಷೇಲಿ ಇದೆ, ನೋಡಿ! ಕೇಳೋದಿದ್ರೆ ಇದನ್ನ ಬರ್ದೋನನ್ನ ಹೋಗಿ ಕೇಳಿ!"

"ಹೋಗೋದ್ಯಾಕೆ?" ಎಂದು ಭಾವಮೈದುನ ಕೊಲ್ಲಿಯ ಎರಡೂ ದಡಕ್ಕೆ ಕೇಳುವಂತೆ ಕೂಗಿದ. "ಬರ್ದೋರು ಇಲ್ಲೇ ಇದಾರೆ! ನಮ್ಮ ಭಾವ! ಭಾವ, ಹೇಳಿ ಇವ್ರಿಗೆ!"

ಮೂವತ್ತೆಂಟು ಮುಖಗಳು ತಿರುಗಿದವು. ನಕ್ಷೆಯವರು ಸುಳ್ಳು ಹೇಳಬಹುದಿತ್ತು. ಆದರೆ ಇಪ್ಪತ್ತನಾಲ್ಕು ವರ್ಷ ಹೊತ್ತದ್ದನ್ನು ಇನ್ನೊಂದು ದಿನ ಹೊರಲು ಅವರಿಗೆ ಶಕ್ತಿಯಿರಲಿಲ್ಲ.

"ಅದು ಮಸಿ" ಎಂದರು. "ಕೈ ಜಾರಿ ಒಂದು ಹನಿ ಮಸಿ ಬಿತ್ತು. ನಾನು ಅದಕ್ಕೆ ದಡ ಬರ್ದೆ. ಅಲ್ಲಿ ಯಾವತ್ತೂ ಏನೂ ಇರ್ಲಿಲ್ಲ. ತಪ್ಪು ನಂದು."

ಬೈಗುಳಕ್ಕೆ ತಲೆ ತಗ್ಗಿಸಿ ನಿಂತರು. ಬೈಗುಳ ಬರಲಿಲ್ಲ. ಬದಲಿಗೆ ಮೇಷ್ಟ್ರು ಕೋಲು ಕುಟ್ಟಿ ಎದ್ದರು.

"ಏನು ಮಾತು ಅಂತ ಆಡ್ತೀರಿ? ಮಸಿಯಂತೆ ಮಸಿ! ಪರೀಕ್ಷೇಲಿ ಆರು ದ್ವೀಪ ಅಂತ ಬರ್ದ ಮಕ್ಕಳನ್ನೆಲ್ಲ ಫೇಲ್ ಮಾಡಿದೀನಿ ನಾನು. ಹಾಗಾದ್ರೆ ಅವ್ರೆಲ್ಲ ಪಾಸಾ?"

ಈ ಪ್ರಶ್ನೆಯ ಭಾರಕ್ಕೆ ದೋಣಿಯೇ ಒಂದು ಕಡೆ ವಾಲಿದಂತಾಯಿತು.

"ನಾನು ಸ್ನಾನ ಮಾಡಿದ ದ್ವೀಪ ಅದು" ಎಂದು ಮೇಷ್ಟ್ರು ಮುಂದುವರಿಸಿದರು. "ಇತ್ತು. ಈಗಿಲ್ಲ. ಅಂದ್ರೆ ಏನರ್ಥ? ಮುಳುಗಿದೆ!"

ಮುಳುಗಿದೆ! ಆ ಮಾತು ಸಾಲಿನಿಂದ ಸಾಲಿಗೆ ಓಡಿತು. ಎಲ್ಲರ ಮುಖದಲ್ಲೂ ಬಿಡುಗಡೆ ಕಂಡಿತು, ಏಕೆಂದರೆ ಮರ ಕಂಡವರು ಸುಳ್ಳರಾಗುವುದು ತಪ್ಪಿತ್ತು. "ಈಗ ತಾನೇ ಮುಳುಗ್ತು! ನಾನು ನೋಡ್ತಾ ಇದ್ದೆ, ಮೊದ್ಲು ಬಟ್ಟೆ ಹೋಯ್ತು, ಆಮೇಲೆ ಗುಡಿಸಲು" ಎಂದು ಅತ್ತೆ ಕಣ್ಣೊರೆಸಿಕೊಂಡಳು. ಸೊಸೆ ಮೊದಲ ಬಾರಿಗೆ ಅತ್ತೆಯ ಮಾತಿಗೆ ಹೌದೆಂದಳು.

"ಮುಳುಗಿಲ್ಲ, ಮುಳುಗೋಕೆ ಇರ್ಲೇ ಇಲ್ಲ!" ಎಂದು ನಕ್ಷೆಯವರು ಬಡಕೊಂಡರು.

"ಪಾಪ" ಎಂದು ಯಾರೋ ಅವರ ಬೆನ್ನು ಸವರಿದರು. "ತಾನೇ ಬರೆದ ದ್ವೀಪ, ಕಣ್ಣೆದುರಿಗೇ ಹೋಯ್ತು. ಯಾರಿಗಾದ್ರೂ ತಲೆ ಕೆಡುತ್ತೆ."

ಗೈಡ್ ಕ್ಷಣದಲ್ಲಿ ಚೇತರಿಸಿಕೊಂಡಿದ್ದ. ಮಫ್ಲರ್ ತೆಗೆದು ಎದೆಗೆ ಹಿಡಿದು, "ಒಂದು ನಿಮಿಷ ಮೌನ" ಎಂದ. ಎಲ್ಲರೂ ಎದ್ದು ತಲೆ ಬಾಗಿಸಿದರು. ಇಲ್ಲದ ದ್ವೀಪಕ್ಕೆ ಮೌನ ಆಚರಿಸಿದ ಜನರಲ್ಲಿ, ಅದು ಇಲ್ಲವೆಂದು ಚೆನ್ನಾಗಿ ಗೊತ್ತಿದ್ದ ನಕ್ಷೆಯವರೂ ತಲೆ ಬಾಗಿಸಿ ನಿಂತಿದ್ದರು. ಒಬ್ಬಾಕೆ ಉಳಿದ ಬಿಸ್ಕತ್ತನ್ನು ಶ್ರದ್ಧೆಯಿಂದ ನೀರಿಗೆ ಬಿಟ್ಟಳು. ಬಿಳಿ ಹಕ್ಕಿ ಬಂದು ತಿಂದು ಹೋಯಿತು.

ದೋಣಿ ತಿರುಗುವಾಗ ಚುಕ್ಕಾಣಿಯ ಮುದುಕ ನಕ್ಷೆಯವರನ್ನು ಹತ್ತಿರ ಕರೆದ.

"ನೀವೇನಾ ಅದು?" ಎಂದು ಪಿಸುಗುಟ್ಟಿದ. "ಬಹಳ ದಿನದಿಂದ ಕೇಳ್ಬೇಕು ಅಂತಿದ್ದೆ. ನಮ್ಮಪ್ಪನ ಕಾಲದಲ್ಲಿ ಆರೇ ಇದ್ವು. ಒಂದಿನ ನಕ್ಷೆ ಬಂತು, ಏಳು ಅಂತು. ಸರ್ಕಾರ ಹೇಳಿದ್ಮೇಲೆ ನಾನ್ಯಾವೋನು ಇಲ್ಲ ಅನ್ನೋಕೆ? ಎಲ್ಲಿಂದ ಬಂತಪ್ಪ ಇದು ಅಂತ ಮಾತ್ರ ಯೋಚಿಸ್ತಿದ್ದೆ."

ಲೋಕದಲ್ಲಿ ಒಬ್ಬನಾದರೂ ತನ್ನನ್ನು ನಂಬಿದನಲ್ಲ ಎಂದು ನಕ್ಷೆಯವರ ಕಣ್ಣು ತುಂಬಿ ಬಂತು. ಮುದುಕನ ಕೈ ಹಿಡಿದುಕೊಂಡರು.

"ಆ ಕಡೆ ಮೂಲೆ ಖಾಲಿ ಖಾಲಿ ಇದೆ" ಎಂದ ಮುದುಕ ಕೊಲ್ಲಿಯ ಇನ್ನೊಂದು ತುದಿಗೆ ಕಣ್ಣು ಹೊಡೆದು. "ಇನ್ನೊಂದೆರಡು ಹಾಕೋಕಾಗಲ್ವಾ?"

ವಾಪಸು ಬರುವಾಗ ಬಸ್ಸೆಲ್ಲ ಮುಳುಗಡೆಯ ಸುದ್ದಿಯಲ್ಲಿ ಮುಳುಗಿತ್ತು. ಹೆಂಡತಿ ಮಾತ್ರ ಬಹಳ ಹೊತ್ತು ಕಿಟಕಿಯ ಆಚೆಗೇ ನೋಡುತ್ತಿದ್ದಳು.

"ನನಗೆ ಗೊತ್ತಿತ್ತು" ಎಂದಳು ಕೊನೆಗೆ.

"ಏನು?"

"ಮಸಿಯೋ ಏನೋ, ಅದು ಗೊತ್ತಿರ್ಲಿಲ್ಲ. ನಿಮ್ಮದೇ ಕಿತಾಪತಿ ಅಂತ ಗೊತ್ತಿತ್ತು. ಪುಟ್ಟಿಯ ಐದನೇ ಕ್ಲಾಸಿನ ಪುಸ್ತಕದಲ್ಲಿ 'ಪುಟ್ಟಿದ್ವೀಪ' ಅಂತ ನೋಡಿದೆ. ನಮ್ಮ ಮಗಳ ಹೆಸರನ್ನ ಸಮುದ್ರದಲ್ಲಿ ಇಡೋರು ಸರ್ಕಾರದಲ್ಲಿ ಇನ್ಯಾರಿದಾರೆ? ನೀವಾಗೇ ಬಾಯಿ ಬಿಡ್ಲಿ ಅಂತ ಕಾದೆ. ಹದಿನಾಲ್ಕು ವರ್ಷ ಆಯ್ತು."

ನಕ್ಷೆಯವರಿಗೆ ನಾಚಿಕೆಯಾಯಿತು, ಎದೆ ಹಗುರವೂ ಆಯಿತು. "ಕೋಪ ಬಂದಿದೆಯಾ?" ಎಂದರು.

"ಬಂದಿದೆ. ನನ್ನ ಹೆಸರಲ್ಲಿ ಒಂದು ಗುಂಡಿಯೂ ಇಲ್ವಲ್ಲ ಅಂತ." ಆಮೇಲೆ ಅವರ ತೋಳಿಗೆ ಒರಗಿ ಹೇಳಿದಳು, "ನಾಳೆ ಸಾಹೇಬ್ರಿಗೆ ಇದ್ದದ್ದು ಇದ್ದ ಹಾಗೆ ಬರ್ದು ಕೊಡಿ. ಫಲಕ ಹೋದ್ರೆ ಹೋಗ್ಲಿ. ನಮ್ಮ ಗೋಡೇಲಿ ಮೊಳೆ ಹೊಡೆಯೋಕೂ ಜಾಗ ಇಲ್ಲ."

ಸೋಮವಾರ ನಕ್ಷೆಯವರು ಎರಡು ಪುಟದ ತಪ್ಪೊಪ್ಪಿಗೆ ಬರೆದುಕೊಂಡು ಸಾಹೇಬರ ಕೋಣೆಗೆ ಹೋದರು. ಸಾಹೇಬರ ಮುಂದೆ ದೀಪದ ಮೇಜು, ಅದರ ಮೇಲೆ ನಲವತ್ತೊಂದನೇ ಹಾಳೆ, ಹಾಳೆಯ ಮೇಲೆ ಬೆಳಗಿನ ಪತ್ರಿಕೆ. ಮೇಷ್ಟ್ರು ರಾತ್ರೋರಾತ್ರಿ ಸುದ್ದಿ ಮುಟ್ಟಿಸಿದ್ದರು. 'ಏಳನೇ ದ್ವೀಪ ಜಲಸಮಾಧಿ, ಮೂವತ್ತೆಂಟು ಮಂದಿ ಪ್ರತ್ಯಕ್ಷದರ್ಶಿಗಳು.'

"ಬನ್ನಿ, ಬನ್ನಿ. ವಿಮಾನದ ಚಿತ್ರದಲ್ಲೂ ಇಲ್ಲ ಕಣ್ರೀ. ಚಿತ್ರ ತೆಗೆದು ಒಂದು ವರ್ಷ ಆಯ್ತು. ಅಂದ್ರೆ ಒಂದು ವರ್ಷದಿಂದ ದ್ವೀಪ ಮುಳುಗಿ ಕೂತಿದೆ, ಒಬ್ಬರಿಗೂ ಗೊತ್ತಿಲ್ಲ! ಎಂಥ ಬೇಜವಾಬ್ದಾರಿ!"

ನಕ್ಷೆಯವರು ತಪ್ಪೊಪ್ಪಿಗೆ ಮುಂದಿಟ್ಟರು. ಸಾಹೇಬರು ಓದಿದರು, ಕನ್ನಡಕ ತೆಗೆದರು, ಒರೆಸಿಕೊಂಡರು, ಮತ್ತೆ ಓದಿದರು. ಆಮೇಲೆ ಭೂತಗನ್ನಡಿಯಲ್ಲಿ ಹಾಳೆಯ ಮೇಲೆ ಬಗ್ಗಿದರು.

"ಮಸಿಯ ಹನಿ ಅಂತೀರಾ? ಹನಿಗೆ ಇಂಥ ದಡ ಇರುತ್ತೇನ್ರೀ? ಈ ಕೊಲ್ಲಿ ನೋಡಿ, ಈ ಇಳಿಜಾರು ನೋಡಿ. ಅಳತೆ ಮಾಡದೆ ಯಾರೂ ಹೀಗೆ ಬರೆಯೋಕಾಗಲ್ಲ. ಉಳಿದ ಆರಕ್ಕಿಂತ ಇದೇ ನಿಜವಾಗಿದೆ!" ಎಂದು ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. "ದುಃಖ ಅರ್ಥವಾಗುತ್ತೆ. ಮುಳುಗಿದ್ದಕ್ಕೂ ತಾವೇ ಕಾರಣ ಅಂತ ಹೊಣೆ ಹೊರೋ ನೌಕರರು ಈಗ ಎಲ್ಲಿದಾರೆ?"

ತಪ್ಪೊಪ್ಪಿಗೆಯ ಅಂಚಿನಲ್ಲಿ 'ಆಘಾತದಿಂದ ಬರೆದದ್ದು, ಮೂರು ದಿನ ರಜೆ ಕೊಡಬಹುದು' ಎಂದು ಬರೆದು ಸಹಿ ಹಾಕಿದರು. ಫಲಕಕ್ಕೆ 'ನಿಷ್ಠಾವಂತ' ಎಂಬ ಇನ್ನೊಂದು ಮಾತು ಸೇರಿಸಲು ಜವಾನನನ್ನು ಕೂಡಲೇ ಓಡಿಸಿದರು. ದ್ವೀಪವನ್ನು ಅಳಿಸುವುದಂತೂ ಸಾಧ್ಯವೇ ಇರಲಿಲ್ಲ. ಮುಳುಗಿದ ನೆಲವನ್ನು ಅಳಿಸಕೂಡದು, ದಡವನ್ನು ಚುಕ್ಕಿಯಲ್ಲಿ ತೋರಿಸಿ ಪಕ್ಕದಲ್ಲಿ 'ಮುಳುಗಿದೆ' ಎಂದು ಬರೆಯತಕ್ಕದ್ದು ಎಂದು ಕಚೇರಿಯ ನಿಯಮ ಸ್ಪಷ್ಟವಾಗಿತ್ತು. ಹೀಗಾಗಿ ಇದುವರೆಗೆ ಬರೀ ಸುಳ್ಳಾಗಿದ್ದ ಪುಟ್ಟಿದ್ವೀಪಕ್ಕೆ ಅಂದಿನಿಂದ ಇತಿಹಾಸವೂ ಬಂತು. ವಾರ ಕಳೆಯುವುದರೊಳಗೆ ಪ್ರವಾಸದ ಕಂಪನಿಯವರು, ಇನ್ನು ಮುಂದೆ ಬೇಸಿಗೆಯಲ್ಲೂ ಪ್ರವಾಸ ಇರುತ್ತದೆಂದೂ, ದ್ವೀಪ ಮುಳುಗಿದ ಜಾಗ ಬಿಸಿಲಿನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆಂದೂ ಬೀದಿ ಬೀದಿಗೆ ಚೀಟಿ ಹಂಚಿದರು.

ರಜೆ ಮುಗಿಸಿ ಬಂದ ನಕ್ಷೆಯವರು ಹೊಸ ಹಾಳೆಯ ಮುಂದೆ ಕೂತರು. ಪುಟ್ಟಿದ್ವೀಪದ ದಡಕ್ಕೆ ಒಂದೊಂದೇ ಚುಕ್ಕಿ ಇಟ್ಟರು. ಲೆಕ್ಕ ಹಾಕಿ ಇಟ್ಟರು, ಮಗಳ ವಯಸ್ಸಿನಷ್ಟು, ಇಪ್ಪತ್ತನಾಲ್ಕು. ಇಪ್ಪತ್ತಮೂರಾಗಿ ಇನ್ನೊಂದೇ ಬಾಕಿ ಇದ್ದಾಗ ಬಾಗಿಲು ಧಡ್ ಎಂದಿತು. ಅದೇ ಜವಾನ, ಈಗ ತಲೆ ನರೆತವನು, ಏದುಸಿರು ಬಿಡುತ್ತ ನಿಂತಿದ್ದ.

"ಸಾರ್! ಮನೆಯಿಂದ ಫೋ..."

"ತಡಿ" ಎಂದರು ನಕ್ಷೆಯವರು.

ಲೇಖನಿಯನ್ನು ಹಾಳೆಯಿಂದ ದೂರ ತೆಗೆದು ಒರೆಸಿದರು. ಅದನ್ನು ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆ ಮುಚ್ಚಿದರು. ಮಸಿಯ ಸೀಸೆಗೆ ಬಿರಡೆ ತಿರುಗಿಸಿ, ಎದ್ದು ಹೋಗಿ ಕಿಟಕಿಯ ಮೇಲಿಟ್ಟು ಬಂದರು. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

"ಹೂಂ. ಈಗ ಹೇಳು."

"ನಿಮ್ಮ ಪುಟ್ಟಿ ಬಂದಿದಾರಂತೆ ಸಾರ್. ಪೇಪರ್ ಓದಿದ್ರಂತೆ. ನನ್ನ ದ್ವೀಪ ಎಲ್ಲಿ ಮುಳುಗ್ತು, ಅಪ್ಪನೇ ಕರ್ಕೊಂಡು ಹೋಗಿ ತೋರಿಸ್ಬೇಕು ಅಂತ ಹಟ ಹಿಡಿದಿದಾರಂತೆ. ಅಮ್ಮಾವ್ರು ಭಾನುವಾರಕ್ಕೆ ಮೂರು ಸೀಟು ಹೇಳಿದಾರೆ."

ನಕ್ಷೆಯವರು ಎದ್ದು ಕಿಟಕಿಯಿಂದ ಸೀಸೆ ತಂದು, ಲೇಖನಿ ಅದ್ದಿ, ಕೊನೆಯ ಚುಕ್ಕಿಯನ್ನು ಮಿಕ್ಕವಕ್ಕಿಂತ ಒಂದಿಷ್ಟು ದಪ್ಪಗೆ ಇಟ್ಟರು.